ವ್ಯಾಧಿ ಸಂಚಾರಿಯೋ, ಸ್ಥಾಯಿಯೋ?

ನಮ್ಮ ಕಾವ್ಯಮೀಮಾಂಸಕರು ಎಣಿಸಿಟ್ಟಿರುವ ೩೩ ವ್ಯಭಿಚಾರಿ ಭಾವಗಳಲ್ಲಿ ‘ವ್ಯಾಧಿ’ಯೂ ಒಂದು. ತರಗತಿಯಲ್ಲಿ ಈ ಪಟ್ಟಿಯನ್ನು ಹೇಳಿಕೊಡುವ ನಮ್ಮಂಥ ಅಧ್ಯಾಪಕರು ನಿರ್ವೇದದಿಂದ ಹೊರಟು ವಿತರ್ಕದವರೆಗೆ ಒಂದೇ ಉಸಿರಿನಲ್ಲಿ ಓಡಿಬಿಡುತ್ತೇವೆ. ಪರೀಕ್ಷೆ ಬರೆಯುವ ಹುಡುಗರು ಅದಕ್ಕಿಂತ ವೇಗವಾಗಿ ಮರೆಯುತ್ತಾರೆ. ಆದರೆ ಪಟ್ಟಿಯ ಹಿಂದಿರುವ ಕಟ್ಟಳೆಯನ್ನು ಇಬ್ಬರೂ ಅಷ್ಟಾಗಿ ಗಮನಿಸುವುದಿಲ್ಲ. ವ್ಯಭಿಚಾರಿಯೆಂದರೆ ಸಂಚಾರಿ, ಬಂದು ಹೋಗುವಂಥದು. ಸ್ಥಾಯಿಯೆಂಬ ಕಡಲಿನಲ್ಲಿ ಎದ್ದು ಅಡಗುವ ತೆರೆ ಎಂಬ ಹೋಲಿಕೆಯನ್ನು ಬಲ್ಲವರು ಬಲ್ಲರು. ರತಿಯನ್ನೋ ಶೋಕವನ್ನೋ ಪೋಷಿಸಿದ ಮೇಲೆ ವ್ಯಾಧಿಯ ಕೆಲಸ ಮುಗಿಯಿತು. ವಿರಹಿಗೆ ಜ್ವರ ಬರುತ್ತದೆ, ಚಂದನ ಸುಡುತ್ತದೆ, ಬೆಳುದಿಂಗಳು ಬೇಯಿಸುತ್ತದೆ. ನಲ್ಲ ಬಂದೊಡನೆ ಎಲ್ಲವೂ ಇಳಿಯುತ್ತದೆ. ನಲ್ಲ ಬಾರದೆ ಹೋದರೆ, ಪಟ್ಟಿಯಲ್ಲಿ ವ್ಯಾಧಿಯಿಂದ ಒಂದೇ ಮನೆಯಾಚೆ ‘ಮರಣ’ವಿದೆ. ಬಂದ ವ್ಯಾಧಿ ಹೋಗಲೂ ಹೋಗದೆ, ಕೊಲ್ಲಲೂ ಕೊಲ್ಲದೆ, ಇಪ್ಪತ್ತು ಮೂವತ್ತು ವರ್ಷ ಮನೆಯವರಲ್ಲೊಬ್ಬರಂತೆ ಇದ್ದುಬಿಟ್ಟರೆ ಕವಿ ಏನು ಮಾಡಬೇಕು? ಆ ಪ್ರಶ್ನೆ ಶಾಸ್ತ್ರಕಾರರ ಮುಂದೆ ಬಂದಿರಲಿಲ್ಲ. ನಮ್ಮ ಮುಂದೆ ಬಂದಿದೆ.

ನಾನು ಹೇಳಹೊರಟಿರುವುದು ಎಚ್.ಐ.ವಿ. ಸೋಂಕಿನ ವಿಷಯ. ೧೯೮೧ರಲ್ಲಿ ಅಮೆರಿಕದಲ್ಲಿ ಮೊದಲು ಗುರುತಿಸಲ್ಪಟ್ಟ, ೧೯೮೬ರಲ್ಲಿ ಮದ್ರಾಸಿನ ಡಾ. ಸುನೀತಿ ಸಾಲೊಮನ್ ಮತ್ತು ಸಂಗಡಿಗರು ಭಾರತದಲ್ಲಿಯೂ ಇದೆಯೆಂದು ತೋರಿಸಿಕೊಟ್ಟ ಈ ರೋಗ ಬಹುಕಾಲ ಸಾವಿನ ಇನ್ನೊಂದು ಹೆಸರಾಗಿತ್ತು. ೨೦೦೪ರ ಏಪ್ರಿಲ್ ತಿಂಗಳಿಂದ ಸರ್ಕಾರ ಚಿಕಿತ್ಸೆಯ ಗುಳಿಗೆಗಳನ್ನು ಪುಕ್ಕಟೆಯಾಗಿ ಕೊಡತೊಡಗಿತು; ೨೦೧೭ರಲ್ಲಿ, ಸೋಂಕು ತಿಳಿದುಬಂದ ಎಲ್ಲರಿಗೂ ತಡಮಾಡದೆ ಚಿಕಿತ್ಸೆ ಆರಂಭಿಸುವ ನೀತಿ ಬಂತು. ಈಗ ಬಹುಮಂದಿಗೆ ದಿನಕ್ಕೊಂದೇ ಗುಳಿಗೆ. ಅದನ್ನು ತಪ್ಪದೆ ನುಂಗಿದವರ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಕುಗ್ಗುತ್ತದೆ. ಹಾಗೆ ಕುಗ್ಗಿ ನಿಂತವರಿಂದ ಕೂಡುವ ಸಂಗಾತಿಗೆ ಸೋಂಕು ದಾಟುವುದಿಲ್ಲ. ಅವರ ಆಯುಷ್ಯ ಉಳಿದವರ ಆಯುಷ್ಯದ ಹತ್ತಿರಕ್ಕೆ ಬರುತ್ತದೆ. ವೈದ್ಯಶಾಸ್ತ್ರದ ಈ ಗೆಲುವು ಸಣ್ಣದಲ್ಲ. ಆದರೂ ಗೆದ್ದ ಮೇಲೆ ಉಳಿಯುವ ಒಂದು ಸಂಗತಿಯಿದೆ. ವೈರಾಣು ಅಡಗಿದ ಮೈಯಲ್ಲಿ ಬೇನೆಯೂ ಅಡಗಿತೆನ್ನುವಂತಿಲ್ಲ.

ಈ ಬೇನೆಯನ್ನು ಅಳೆಯಲು ಅಮೆರಿಕದ ವೈದ್ಯರು ೨೦೦೧ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿ ೨೦ ಬಾಧೆಗಳಿವೆ. ಇದು ನಿಮಗಿದೆಯೇ, ಇದ್ದರೆ ಎಷ್ಟರಮಟ್ಟಿಗೆ ಕಾಡುತ್ತದೆ ಎಂಬುದನ್ನು ರೋಗಿಯೇ ಗುರುತುಮಾಡಬೇಕು. ದಣಿವು, ಜ್ವರ, ಚಳಿ, ಬೆವರು, ತಲೆತಿರುಗು, ಕೈಕಾಲುಗಳಲ್ಲಿ ನೋವು ಮತ್ತು ಜೋಮು, ಮರೆವು, ಓಕರಿಕೆ, ಭೇದಿ, ದುಃಖ, ಅಂಜಿಕೆ, ನಿದ್ದೆಗೇಡು, ಚರ್ಮದ ತುರಿ, ಕೆಮ್ಮು, ತಲೆನೋವು, ಬಾಯಿರುಚಿ ಕೆಡುವುದು, ಹೊಟ್ಟೆಯುಬ್ಬರ, ಕೀಲುನೋವು, ದಾಂಪತ್ಯಸುಖದ ತೊಡಕು, ಮೈಯ ಆಕಾರ ಬದಲಾಗುವುದು, ಸೊರಗುವುದು, ಕೂದಲುದುರುವುದು. ವೈದ್ಯರು ತಾವಾಗಿ ಊಹಿಸಿ ಬರೆದುಕೊಳ್ಳುವುದಕ್ಕಿಂತ ರೋಗಿಗಳು ತಾವೇ ಗುರುತುಮಾಡುವ ಬಾಧೆಗಳು ಹೆಚ್ಚೆಂಬುದು ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಮಾತು. ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಕುತೂಹಲವೆನಿಸುವುದು ಪಟ್ಟಿಯ ಕಟ್ಟು. ಭೇದಿಯ ಪಕ್ಕದಲ್ಲಿಯೇ ದುಃಖ ಕುಳಿತಿದೆ. ನಿದ್ದೆಗೇಡಿನ ಬಳಿಯಲ್ಲಿ ತುರಿ. ಆಮೇಲೆ ಇದನ್ನು ಬಳಸಿದ ಸಂಶೋಧಕರು ‘ದೈಹಿಕ’, ‘ಮಾನಸಿಕ’ ಎಂದು ಎರಡು ಅಂಕಣ ಮಾಡಿ ಹಂಚುತ್ತಾರೆ. ಪಟ್ಟಿ ಮಾತ್ರ ಹಂಚಿಕೊಂಡಿಲ್ಲ.

ಭರತನೂ ಹಂಚಲಿಲ್ಲ. ನಾಟ್ಯಶಾಸ್ತ್ರದಲ್ಲಿ ‘ಗ್ಲಾನಿ’ ಎಂಬ ಸಂಚಾರಿಗೆ ಅವನು ಕೊಡುವ ಕಾರಣಗಳಲ್ಲಿ ವಾಂತಿಯಿದೆ, ಭೇದಿಯಿದೆ, ರೋಗವಿದೆ, ಉಪವಾಸವಿದೆ, ಅವುಗಳ ಸಾಲಿನಲ್ಲಿಯೇ ಮನಸ್ತಾಪವೂ ಇದೆ. ಜ್ವರವನ್ನು ಚಳಿಯುಳ್ಳದ್ದು, ಉರಿಯುಳ್ಳದ್ದು ಎಂದು ಎರಡು ಬಗೆ ಮಾಡಿ, ನಟನು ಯಾವುದನ್ನು ಹೇಗೆ ತೋರಿಸಬೇಕೆಂದೂ ಹೇಳುತ್ತಾನೆ. ಗ್ಲಾನಿ, ಶ್ರಮ, ಶಂಕೆ, ದೈನ್ಯ, ಚಿಂತೆ, ವ್ಯಾಧಿ — ಈ ಆರನ್ನು ಮೇಲಿನ ಇಪ್ಪತ್ತರ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ಮನುಷ್ಯನನ್ನು ಎದುರಿಗಿಟ್ಟುಕೊಂಡು ಬರೆದವೋ ಎನಿಸುತ್ತದೆ. ಮನುಷ್ಯನ ಬಾಧೆಯನ್ನು ನೋಡುವ ಕಣ್ಣು ನಮ್ಮ ಶಾಸ್ತ್ರಕ್ಕೆ ಇತ್ತು. ಇರದೆ ಹೋದದ್ದು ಆ ಬಾಧೆಗೆ ಕೊಟ್ಟ ಸ್ಥಾನ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ೧೯೫೩ರಲ್ಲಿ ಬಂದಂದಿನಿಂದ ರಸಪ್ರಕ್ರಿಯೆಯನ್ನು ನಾವು ಕನ್ನಡದಲ್ಲಿಯೇ ಚರ್ಚಿಸುತ್ತ ಬಂದಿದ್ದೇವೆ. ಸಂಚಾರಿಯೊಂದು ಬಾಳೆಲ್ಲ ನಿಂತುಬಿಟ್ಟರೆ ಅದನ್ನು ಏನೆಂದು ಕರೆಯಬೇಕೆಂದು ಯಾವ ತರಗತಿಯಲ್ಲಿಯೂ ಕೇಳಿದ್ದು ನನಗೆ ನೆನಪಿಲ್ಲ.

ಕಾವ್ಯಶಾಸ್ತ್ರವನ್ನು ಬಿಟ್ಟು ಕನ್ನಡದ ಕತೆಗಳಿಗೆ ಬರೋಣ. ನಮಗೆ ದೊರೆತಿರುವ ಹಳೆಯ ಗದ್ಯಕೃತಿಗಳಲ್ಲಿ ಮೊದಲ ಸಾಲಿಗೆ ಸೇರಿದ ‘ವಡ್ಡಾರಾಧನೆ’ಯ ೧೯ ಕತೆಗಳಲ್ಲಿ ಸನತ್ಕುಮಾರ ಚಕ್ರವರ್ತಿಯದೂ ಒಂದು. ಆ ಕತೆಯನ್ನು ರೋಗಿಯ ಕತೆಯೆಂದು ನಾವು ಓದುವುದಿಲ್ಲ. ವೈರಾಗ್ಯದ ಕತೆಯೆಂದು ಓದುತ್ತೇವೆ. ರೂಪಕ್ಕೆ ಹೆಸರಾದ ಚಕ್ರವರ್ತಿ. ಆ ರೂಪವನ್ನು ನೋಡಲು ಬಂದ ದೇವತೆಗಳ ಕಣ್ಣೆದುರಿಗೇ ಅದು ಕಂದುತ್ತದೆ. ಅವನು ತಪಸ್ಸಿಗೆ ಹೋಗುತ್ತಾನೆ. ಮೈತುಂಬ ರೋಗ ಬರುತ್ತದೆ. ತುರಿ, ಜ್ವರ, ಕೆಮ್ಮು, ಕ್ಷಯ, ಊಟ ಸೇರದಿರುವುದು, ಕಣ್ಣುನೋವು, ಹೊಟ್ಟೆನೋವು. ಅಮೆರಿಕದ ಪ್ರಶ್ನಾವಳಿಯ ಅರ್ಧ ಇಲ್ಲಿಯೇ ಮುಗಿಯಿತು! ವೈದ್ಯರ ವೇಷದಲ್ಲಿ ಬಂದವರು ಗುಣಪಡಿಸುತ್ತೇವೆಂದರೆ, ಇವು ಹಾಗಿರಲಿ, ಹುಟ್ಟುಸಾವೆಂಬ ರೋಗಕ್ಕೆ ನಿಮ್ಮಲ್ಲಿ ಮದ್ದುಂಟೇ ಎಂದು ಋಷಿ ಕೇಳುತ್ತಾನೆ. ಭವ್ಯವಾದ ಪ್ರಶ್ನೆ. ಆದರೆ ಆ ಭವ್ಯತೆಯಲ್ಲಿ ತುರಿ ಏನಾಯಿತು? ಒಂದು ರಾತ್ರಿಯ ತುರಿಕೆ ಹೇಗಿತ್ತು? ಕತೆಗಾರನಿಗೆ ಅದು ಬೇಡ. ರೋಗಗಳು ಬಂದುದು ಸಹನೆಯನ್ನು ತೋರಿಸುವುದಕ್ಕೆ. ತೋರಿಸಿಯಾದ ಮೇಲೆ ಅವಕ್ಕೆ ಕತೆಯಲ್ಲಿ ಜಾಗವಿಲ್ಲ. ಧರ್ಮಕಥೆಯಿಂದ ಇನ್ನೊಂದನ್ನು ಬಯಸುವುದು ಸಲ್ಲದು, ನಿಜ. ಆದರೆ ರೋಗಿಯೆಂದರೆ ಸಹಿಸುವವನು ಎಂಬ ಆ ಮಾದರಿ ನಮ್ಮಲ್ಲಿ ಬೇರೂರಿದ್ದು ಧರ್ಮಕಥೆಗಳಲ್ಲಿ ಮಾತ್ರವಲ್ಲ.

ಹೊಸಗಾಲದ ಕಾದಂಬರಿ ನೋಡಿ. ಕಾರಂತರ ‘ಚೋಮನ ದುಡಿ’ಯಲ್ಲಿ (೧೯೩೩) ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಚನಿಯ ಜ್ವರ ಹೊತ್ತು ಮರಳಿ ಸಾಯುತ್ತಾನೆ. ದುಡಿಯಹೋದಲ್ಲಿಂದ ರೋಗ ಮನೆಗೆ ಬರುವ ಈ ದಾರಿಯನ್ನು ಕಾರಂತರು ಎಷ್ಟು ಮೊದಲೇ ಕಂಡಿದ್ದರು! ಆದರೂ ಚನಿಯನ ಜ್ವರ ಚೋಮನ ಶೋಕಕ್ಕೆ ಒಂದು ಮೆಟ್ಟಿಲು. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (೧೯೬೫) ನಾರಣಪ್ಪ ಶಿವಮೊಗ್ಗೆಯಿಂದ ಜ್ವರದೊಡನೆ ಬಂದು, ಕಾದಂಬರಿ ಇನ್ನೂ ಉಸಿರು ತೆಗೆದುಕೊಳ್ಳುವುದರೊಳಗೆ ಸತ್ತಿದ್ದಾನೆ. ಅಗ್ರಹಾರಕ್ಕೆ ಅವನ ಬೇನೆ ಸಮಸ್ಯೆಯಲ್ಲ. ಅವನ ಹೆಣ ಸಮಸ್ಯೆ. ಅದಕ್ಕಿಂತಲೂ ನನ್ನನ್ನು ಕಾಡಿದವಳು ಭಾಗೀರಥಿ. ಕಾದಂಬರಿಯ ಮೊದಲ ಪುಟದಿಂದಲೇ ಅವಳು ರೋಗಿ. ಪ್ರಾಣೇಶಾಚಾರ್ಯರು ಅವಳಿಗೆ ಸ್ನಾನ ಮಾಡಿಸುತ್ತಾರೆ, ಗಂಜಿ ಕುಡಿಸುತ್ತಾರೆ, ಆ ಸೇವೆಯಲ್ಲಿ ತಮ್ಮ ತಪಸ್ಸನ್ನು ಹದಮಾಡಿಕೊಳ್ಳುತ್ತಾರೆ. ಅವಳ ಮೈಗೆ ಏನಾಗುತ್ತಿತ್ತು? ಹಗಲೆಲ್ಲ ಮಲಗಿ ಅವಳು ಏನನ್ನು ನೋಡುತ್ತಿದ್ದಳು? ವಿಮರ್ಶಕರು ಪ್ರಾಣೇಶಾಚಾರ್ಯರ ಅಂತರಂಗವನ್ನು ಅಗೆದು ಅಗೆದು ನೋಡಿದರು. ಚಂದ್ರಿಯ ಬಗೆಗೂ ಬರೆದರು. ಹಾಸಿಗೆಯ ಕಡೆ ತಿರುಗಿದವರು ವಿರಳ. ಇದು ಕಾದಂಬರಿಯ ದೋಷವೆಂದು ನಾನು ಹೇಳಲಾರೆ — ಅದರ ವಸ್ತು ಬೇರೆ. ಆದರೆ ರೋಗಿಯು ಬೇರೊಬ್ಬರ ಮುಕ್ತಿಗೋ ಪತನಕ್ಕೋ ನಿಮಿತ್ತ ಎಂಬ ಹಳೆಯ ಏರ್ಪಾಡು, ಹಳೆಯದೆಲ್ಲವನ್ನೂ ಪ್ರಶ್ನಿಸಿದ ಈ ಕೃತಿಯಲ್ಲಿಯೂ ಹಾಗೆಯೇ ಉಳಿಯಿತೆಂಬುದು ಗಮನಾರ್ಹ.

ಏಡ್ಸ್ ಬಂದಾಗ ಕನ್ನಡದಲ್ಲಿ ಬರೆಹ ಬರಲಿಲ್ಲವೆಂದಲ್ಲ. ಬೇಕಾದಷ್ಟು ಬಂತು. ಗೋಡೆಬರೆಹ, ಕರಪತ್ರ, ಬೀದಿನಾಟಕ, ಜಾನಪದ ಕಲಾತಂಡಗಳ ಜಾಗೃತಿ ಹಾಡು. ಪ್ರಚಾರಸಾಹಿತ್ಯವೆಂದು ಮೂಗು ಮುರಿಯುವುದು ಸುಲಭ. ಅದು ಮಾಡಬೇಕಾದ ಕೆಲಸವನ್ನು ಮಾಡಿತು, ಜೀವ ಉಳಿಸಿತು. ನನ್ನ ಆಕ್ಷೇಪ ಬೇರೆ. ಆ ಹಾಡುಗಳು ಯಾರಿಗೆ ಹೇಳಿದವು? ಸೋಂಕು ತಾಗದವರಿಗೆ. ಎಚ್ಚರವಿರು, ದೂರವಿರು, ತಿಳಿದುಕೋ ಎಂದು. ಜಾತ್ರೆಯ ಜನರ ನಡುವೆ ನಿಂತು ಅದನ್ನು ಕೇಳುತ್ತಿದ್ದ, ಆಗಲೇ ಸೋಂಕು ತಾಗಿದ್ದ ಒಬ್ಬನಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಇದ್ದರೂ ಅವನು ಅಲ್ಲಿ ಎಚ್ಚರಿಕೆಯ ಉದಾಹರಣೆಯಾಗಿದ್ದ. ‘ಏಡ್ಸ್ ಪೀಡಿತ’ ಎಂಬ ಶಬ್ದವೂ ಆಗಲೇ ರೂಢಿಗೆ ಬಂದದ್ದು. ಸಂಸ್ಕೃತದಲ್ಲಿ ಪೀಡಿತನೆಂದರೆ ನೊಂದವನು. ಆದರೆ ಕನ್ನಡದ ಕಿವಿಗೆ ‘ಪೀಡೆ’ಯೆಂದರೆ ತೊಲಗಿಸಬೇಕಾದದ್ದು. ಪೀಡಿತ ಎನ್ನುವಾಗ ನಾಲಿಗೆ ಅರ್ಧ ದಾರಿಯಲ್ಲಿ ಪೀಡೆಯನ್ನು ಮುಟ್ಟಿಯೇ ಬರುತ್ತದೆ. ೧೯೮೩ರಲ್ಲಿ ಡೆನ್ವರಿನಲ್ಲಿ ಸೇರಿದ ರೋಗಿಗಳು ತಮ್ಮನ್ನು ಬಲಿಪಶುಗಳೆಂದು ಕರೆಯಬೇಡಿರೆಂದು ಕೇಳಿಕೊಂಡರು. ಅಲ್ಲಿಂದ ಹೊರಟ ಹೊಸ ಹೆಸರೇ ಕನ್ನಡದಲ್ಲಿ ‘ಎಚ್.ಐ.ವಿ.ಯೊಂದಿಗೆ ಬದುಕುತ್ತಿರುವವರು’ ಎಂದಾಗಿದೆ. ಸ್ವಲ್ಪ ಒರಟಾದ ಪ್ರಯೋಗ. ಇರಲಿ, ಅದರಲ್ಲಿ ಬದುಕು ಎಂಬ ಮಾತಿದೆ.

ಇಂಗ್ಲಿಷಿನಲ್ಲಿ ನಮ್ಮ ನಾಡಿನ ಬಗೆಗೇ ಬರೆದ ಒಂದು ಲೇಖನ ಪ್ರಸಿದ್ಧವಾಗಿದೆ. ವಿಲಿಯಂ ಡಾಲ್ರಿಂಪಲ್ ಸವದತ್ತಿಯ ಎಲ್ಲಮ್ಮನ ಸೀಮೆಯ ಒಬ್ಬ ದೇವದಾಸಿಯ ಜೀವನವನ್ನು ‘ನೈನ್ ಲೈವ್ಸ್’ (೨೦೦೯) ಎಂಬ ಪುಸ್ತಕದಲ್ಲಿ ಹೇಳಿದ್ದಾನೆ. ಸಹಾನುಭೂತಿಯುಳ್ಳ ಬರೆಹ, ಕೇಳುವ ಕಿವಿಯೂ ಅವನಿಗಿದೆ. ಆದರೆ ಅವಳಿಗೂ ಸೋಂಕಿದೆಯೆಂಬುದು ಓದುಗನಿಗೆ ತಿಳಿಯುವುದು ಕೊನೆಯಲ್ಲಿ. ಬರೆಹಗಾರನ ಕೈಚಳಕ ಇದು. ಪುಸ್ತಕ ಮುಚ್ಚಿದಾಗ ಎದೆ ಧಸಕ್ಕೆನ್ನುತ್ತದೆ. ಆದರೆ ಆ ಹೆಣ್ಣುಮಗಳಿಗೆ ಅದು ಕೊನೆಯ ಪುಟದ ಸುದ್ದಿಯಾಗಿರಲಿಲ್ಲ. ಲೇಖಕನೊಡನೆ ಮಾತನಾಡುತ್ತಿದ್ದಾಗಲೆಲ್ಲ ಅವಳ ಮೈಯಲ್ಲಿತ್ತು. ಸೂಸನ್ ಸೊಂಟಾಗ್ ೧೯೮೬ರಲ್ಲಿ ಬರೆದ ಕತೆಯೊಂದರ ಹೆಣಿಗೆ ಇದಕ್ಕಿಂತ ಪ್ರಾಮಾಣಿಕವೆಂದು ನನಗೆ ತೋರುತ್ತದೆ. ಅಲ್ಲಿ ರೋಗದ ಹೆಸರು ಎಲ್ಲಿಯೂ ಬರುವುದಿಲ್ಲ, ರೋಗಿಗೂ ಹೆಸರಿಲ್ಲ. ಅವನ ಸುತ್ತಣ ಗೆಳೆಯರ ಮಾತೇ ಕತೆ. ಅವನ ಮಾತು ನಮಗೆ ಅವರ ಬಾಯಿಂದಲೇ ಕೇಳಬೇಕು. ರೋಗಿಯ ದನಿ ಇಲ್ಲವೆಂಬುದನ್ನೇ ಅವಳು ಕತೆಯ ರೂಪವಾಗಿಸಿದಳು. ಅದು ನ್ಯೂಯಾರ್ಕಿನ ಕತೆ, ಅಲ್ಲಿ ರೋಗಿಯ ಸುತ್ತ ಮಾತಿನ ಪ್ರವಾಹ. ನಮ್ಮ ಕಡೆ ಸುತ್ತಲೂ ಮೌನ.

ನಮ್ಮ ಕಡೆ ಎಂದೆ. ಯಾದಗಿರಿ ಜಿಲ್ಲೆಯ ತಿಂಥಣಿ ಕೃಷ್ಣೆಯ ದಂಡೆಯ ಊರು. ಮೌನೇಶ್ವರನ ನೆಲೆ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಗುಡಿ. ಒಬ್ಬರಿಗೆ ಮೋನಪ್ಪಯ್ಯ, ಇನ್ನೊಬ್ಬರಿಗೆ ಮೌನುದ್ದೀನ. ಸುರಪುರ, ಶಹಾಪುರದ ಈ ಸೀಮೆಯಿಂದ ಬೆಂಗಳೂರಿಗೆ, ಪುಣೆ ಮುಂಬಯಿಗಳಿಗೆ, ಹೈದರಾಬಾದಿಗೆ ಗುಳೆ ಹೋಗಿ ದುಡಿದು ಬರುವವರು ಬಹಳ. ರಾಜ್ಯದಲ್ಲಿ ಈ ರೋಗದ ಭಾರವನ್ನು ಹೆಚ್ಚಾಗಿ ಹೊತ್ತವು ಉತ್ತರದ ಜಿಲ್ಲೆಗಳೆಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಇಲ್ಲಿಯ ಆಡುಮಾತಿನಲ್ಲಿ ಕಾಯಿಲೆಯಾಗಿದೆ ಎನ್ನುವುದು ಕಡಿಮೆ; ‘ಆರಾಮಿಲ್ಲ’ ಎನ್ನುತ್ತಾರೆ. ನೆಗಡಿಗೂ ಅದೇ, ಕ್ಷಯಕ್ಕೂ ಅದೇ. ಗುಳಿಗೆ ಕೊಡುವ ಕಿಟಕಿಯ ಮುಂದೆ ‘ಹ್ಯಾಂಗ ಅದೀರಿ?’ ಎಂದು ಕೇಳಿದರೆ ‘ಆರಾಮ ಅದೀನ್ರೀ’ ಎನ್ನದೆ ಇನ್ನೇನು ಹೇಳುವುದು? ಹಿಂದೆ ಇಪ್ಪತ್ತು ಮಂದಿ ಸಾಲಿನಲ್ಲಿದ್ದಾರೆ. ಅವರಲ್ಲೊಬ್ಬರು ಪಕ್ಕದ ಊರಿನವರಾಗಿರಬಹುದು. ವೈರಾಣುವಿನ ಲೆಕ್ಕ ಸರಿಯಾಗಿದೆ, ಮನುಷ್ಯನೂ ಆರಾಮ ಎಂದಿದ್ದಾನೆ. ಚೀಟಿಗೆ ಮೊಹರು ಬೀಳುತ್ತದೆ.

ಅದೇ ಮನುಷ್ಯ ತಿಂಥಣಿಯ ಗದ್ದುಗೆಯ ಮುಂದೆ ನಿಂತರೆ ಬೇರೆ ಮಾತು ಬರುತ್ತದೆ. ಇಂಥ ಮಾತುಗಳನ್ನು ಆ ಮೆಟ್ಟಿಲುಗಳ ಮೇಲೆ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು, ಆಡಿದವರ ರೋಗ ಯಾವು-ದೆಂದು ಯಾರಿಗೂ ತಿಳಿಯುವುದಿಲ್ಲ: ‘ಯಪ್ಪಾ, ಮೈಯಾಗ ಕಸುವಿಲ್ಲ. ಕಾಲಾಗ ಇರಿವಿ ಹರದಾಡಿದಂಗ ಆಗತದ. ಕಣ್ಣಿಗಿ ಕಣ್ಣ ಹತ್ತವಲ್ದು. ಜೀವಕ್ಕ ಸಮಾಧಾನಿಲ್ಲ.’ ಪ್ರಶ್ನಾವಳಿಯ ನಾಲ್ಕು ಬಾಧೆಗಳು ನಾಲ್ಕು ವಾಕ್ಯದಲ್ಲಿ ಬಂದವು. ನಾಲ್ಕನೆಯದನ್ನು ಯಾವ ಅಂಕಣದಲ್ಲಿ ಹಾಕುವಿರಿ? ‘ಜೀವ’ ಎಂಬುದು ಮೈಯೂ ಅಲ್ಲ, ಮನಸ್ಸೂ ಅಲ್ಲ. ‘ಸಂಕಟ’ ಎಂದರೆ ಹೊಟ್ಟೆಯದೂ ಹೌದು, ಬದುಕಿನದೂ ಹೌದು. ಕನ್ನಡದಲ್ಲಿ ಬೇನೆಯ ವಾಕ್ಯದ ಕಟ್ಟೇ ಹಾಗಿದೆ: ಜ್ವರ ಬರುತ್ತದೆ, ಬೇಸರ ಬರುತ್ತದೆ, ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ. ಎಲ್ಲವೂ ‘ನನಗೆ’ ಆಗುತ್ತದೆ. ‘ನಾನು’ ಮಾಡುವುದು ಏನೂ ಇಲ್ಲ. ಮೈಯ ಬಾಧೆಯೂ ಮನಸ್ಸಿನ ಬಾಧೆಯೂ ಒಂದೇ ಚತುರ್ಥೀ ವಿಭಕ್ತಿಯ ಬಾಗಿಲಿನಿಂದ ಒಳಗೆ ಬರುತ್ತವೆ.

ವ್ಯಾಕರಣದ ಈ ಮಾತು ಕೇವಲ ಪಂಡಿತರ ಹರಟೆಯಲ್ಲ. ಪ್ರಶ್ನಾವಳಿಗಳನ್ನು ಕನ್ನಡಿಸುವವರು ‘ಖಿನ್ನತೆ’, ‘ಆತಂಕ’, ‘ಆಯಾಸ’ ಎಂದು ಬರೆಯುತ್ತಾರೆ. ನಿಘಂಟಿನ ದೃಷ್ಟಿಯಿಂದ ತಪ್ಪಿಲ್ಲ. ತಿಂಥಣಿಯವನನ್ನು ‘ನಿಮಗೆ ಖಿನ್ನತೆ ಇದೆಯೇ?’ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತಾನೆ. ‘ಜೀವ ಬ್ಯಾಸತ್ತದೇನಪಾ?’ ಎಂದು ಕೇಳಿದರೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. ಆ ಎರಡು ಉತ್ತರಗಳ ನಡುವೆ ಒಂದು ಚಿಕಿತ್ಸೆ ದೊರೆಯುವುದೂ ದೊರೆಯದಿರುವುದೂ ನಿಂತಿದೆ. ಬೇಸತ್ತ ಜೀವ ಗುಳಿಗೆಯನ್ನೂ ಮರೆಯುತ್ತದೆ. ಗುಳಿಗೆ ತಪ್ಪಿದರೆ ವೈರಾಣು ಏಳುತ್ತದೆ. ಶಬ್ದದ ಆಯ್ಕೆ ಇಲ್ಲಿ ಶೈಲಿಯ ಪ್ರಶ್ನೆಯಾಗಿ ಉಳಿದಿಲ್ಲ.

ವರ್ಜೀನಿಯಾ ವುಲ್ಫ್ ೧೯೨೬ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಪ್ರೇಮ ಸಮರಗಳಿಗೆ ಸಿಕ್ಕ ಸ್ಥಾನ ಸಾಹಿತ್ಯದಲ್ಲಿ ಕಾಯಿಲೆಗೆ ಸಿಕ್ಕಿಲ್ಲವೆಂದು, ತಲೆನೋವನ್ನು ಹೇಳಲು ತನ್ನ ಭಾಷೆಯಲ್ಲಿ ಮಾತೇ ಇಲ್ಲವೆಂದು ದೂರುತ್ತಾಳೆ. ಮೊದಲನೆಯ ದೂರು ನಮಗೂ ಸಲ್ಲುತ್ತದೆ. ಎರಡನೆಯದು ಸಲ್ಲದು. ತಲೆ ಸಿಡಿಯುತ್ತದೆ, ಹೊಟ್ಟೆ ಹಿಂಡುತ್ತದೆ, ಕಾಲು ಸೆಳೆಯುತ್ತದೆ, ಕೈ ಜುಮುಗುಡುತ್ತದೆ, ಕಣ್ಣು ಚುರಗುಟ್ಟುತ್ತದೆ, ಎದೆ ಡವಡವಿಸುತ್ತದೆ, ಬಾಯಿ ಸಪ್ಪಗಾಗುತ್ತದೆ. ಕಸಿವಿಸಿ, ತಳಮಳ, ಕಳವಳ, ಹಳಹಳಿ. ಇಷ್ಟು ಸಿರಿಯನ್ನು ಬಾಯಲ್ಲಿಟ್ಟುಕೊಂಡು ನಮ್ಮ ಕತೆಗಾರರು ರೋಗಿಯ ಹಾಸಿಗೆಯ ಬಳಿ ಬಂದೊಡನೆ ‘ನರಳಿದನು’ ಎಂದು ಬರೆದು ಮುಂದೆ ಹೋಗುತ್ತಾರೆ.

ಹೀಗೆ ದಿನದಿನದ ಸಣ್ಣ ನೋವುಗಳನ್ನು ಬರೆಯುತ್ತ ಕುಳಿತರೆ ರಸವೆಲ್ಲಿ, ವೈದ್ಯನ ದಿನಚರಿಯಾದೀತಲ್ಲ ಎಂದು ಕೇಳುವ ಗೆಳೆಯರಿದ್ದಾರೆ. ನ್ಯಾಯವಾದ ಶಂಕೆ. ಪಟ್ಟಿ ಸಾಹಿತ್ಯವಲ್ಲ, ಸನತ್ಕುಮಾರನ ಪಟ್ಟಿಯೂ ಅಲ್ಲ, ಅಮೆರಿಕದ್ದೂ ಅಲ್ಲ. ಆದರೆ ಈ ಬಾಧೆಗಳೊಂದೊಂದರಲ್ಲಿಯೂ ಸುತ್ತಣ ಸಮಾಜ ಹೇಗೆ ಹೆಣೆದುಕೊಂಡಿದೆಯೆಂದು ನೋಡಬೇಕು. ಪುಕ್ಕಟೆ ಚಿಕಿತ್ಸೆಯ ಮೊದಲ ವರ್ಷಗಳಲ್ಲಿ ಬಹಳ ಬಳಕೆಯಲ್ಲಿದ್ದ ಸ್ಟಾವುಡಿನ್ ಎಂಬ ಮದ್ದು ಜೀವ ಉಳಿಸಿತು; ಆದರೆ ಹಲವರ ಪಾದಗಳಲ್ಲಿ ಆರದ ಉರಿಯನ್ನಿಟ್ಟಿತು, ಕೆನ್ನೆಯ ಕೊಬ್ಬನ್ನು ಕರಗಿಸಿ ಮುಖವನ್ನು ಗುಳಿಬೀಳಿಸಿತು. ಆ ಗುಳಿಯನ್ನು ಓದಲು ಊರ ಜನ ಬೇಗ ಕಲಿತರು. ರೋಗವನ್ನು ಒಳಗೆ ಅಡಗಿಸಿದ ಮದ್ದೇ ಅದನ್ನು ಮುಖದ ಮೇಲೆ ಬರೆದು ತೋರಿಸಿತು. ‘ವೈವರ್ಣ್ಯ’ವೆಂಬ ಸಾತ್ತ್ವಿಕ ಭಾವವನ್ನು ಪಾಠ ಹೇಳುವಾಗ ನನಗೆ ಈಗ ವಿರಹಿಣಿಯ ಬಿಳುಪು ಮಾತ್ರ ನೆನಪಾಗುವುದಿಲ್ಲ. ಆ ಮದ್ದು ಹೋಯಿತು. ಎಫಾವಿರೆಂಜ್ ಎಂಬುದು ರಾತ್ರಿಯ ಗುಳಿಗೆಯಾಗಿ ಬಂತು, ಅದು ತಲೆ ತಿರುಗಿಸಿತು, ಹಲವರಿಗೆ ವಿಚಿತ್ರ ಕನಸುಗಳನ್ನು ತಂದಿತು. ಸಂಚಾರಿಗಳ ಪಟ್ಟಿಯಲ್ಲಿ ‘ಸುಪ್ತ’ವೂ ಇದೆ; ನಮ್ಮ ಕವಿಗಳು ಕನಸನ್ನು ಬರೆದು ದಣಿದವರಲ್ಲ. ಗುಳಿಗೆಯ ಕನಸನ್ನು ಬರೆದವರು ನನಗೆ ಇನ್ನೂ ಸಿಕ್ಕಿಲ್ಲ.

೨೦೧೮ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಕಾಯಿದೆ, ಸೋಂಕಿನ ಗುಟ್ಟನ್ನು ಒಪ್ಪಿಗೆಯಿಲ್ಲದೆ ಹೊರಹಾಕಬಾರದೆನ್ನುತ್ತದೆ, ಭೇದಭಾವವನ್ನು ನಿಷೇಧಿಸುತ್ತದೆ. ಒಳ್ಳೆಯದು. ಆದರೆ ಕಾಯಿದೆ ಕಾಪಾಡುವುದು ಗುಟ್ಟನ್ನು; ಗುಟ್ಟಿನ ಭಾರವನ್ನು ಇಳಿಸುವುದು ಅದರ ಕೆಲಸವಲ್ಲ. ಮತ್ತು ಈ ರೋಗದ ಲಕ್ಷಣಗಳಲ್ಲಿ ಯಾವ ಪ್ರಶ್ನಾವಳಿಯೂ ಪೂರ್ತಿ ಹಿಡಿಯಲಾರದ್ದು ಈ ಭಾರವೇ ಇರಬೇಕು. ‘ಬಾಯಿರುಚಿ ಕೆಟ್ಟಿದೆಯೇ?’ ಎಂಬ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಏನನ್ನೂ ಹೇಳದೆ ಗುಳಿಗೆ ತೆಗೆದುಕೊಳ್ಳುತ್ತಿರುವವನೊಬ್ಬ ಊಟಕ್ಕೆ ಕುಳಿತಿದ್ದಾನೆ. ಜೋಳದ ರೊಟ್ಟಿ ಬಾಯಲ್ಲಿ ಮಣ್ಣಾಗಿದೆ. ಅರ್ಧಕ್ಕೆ ಬಿಟ್ಟೇಳುವುದಕ್ಕೆ ದಿನಕ್ಕೊಂದು ಕಾರಣ ಬೇಕು. ನಿನ್ನೆ ಹೊಟ್ಟೆನೋವೆಂದಿದ್ದಾಗಿದೆ, ಮೊನ್ನೆ ಸುರಪುರದಲ್ಲಿ ಉಂಡು ಬಂದೆನೆಂದಾಗಿದೆ. ತಾಯಿ ಪಲ್ಲೆ ಸಪ್ಪಗಾಯಿತೇನೋ ಎಂದು ಉಪ್ಪಿನ ಡಬ್ಬಿ ಮುಂದೆ ಸರಿಸುತ್ತಾಳೆ. ಅವನು ಉಪ್ಪು ಹಾಕಿಕೊಂಡು ಉಣ್ಣುತ್ತಾನೆ. ಒಳಗೆ, ಜೋಳದ ಚೀಲಗಳ ಹಿಂದೆ, ಚೀಟಿ ಕಿತ್ತ ಡಬ್ಬಿಯಲ್ಲಿ ರಾತ್ರಿಯ ಗುಳಿಗೆಯಿದೆ; ಅಲುಗಾಡಿಸಿದರೆ ಸದ್ದಾಗುತ್ತದೆಂದು ನಡುವೆ ಅರಳೆ ತುರುಕಿದ್ದಾನೆ.